ಗ್ರಾಮ ಪಂಚಾಯತಿಗೆ ಮನವಿ ಸಲ್ಲಿಸುವ ಕ್ರಮ

ಆನೇಮಹಲ್ ಮೊದಲ್ಗೊಂಡು ಆಲೂರಿನವರೆಗಿನ ಮಲೆಸೀಮೆಯಲ್ಲಿ ಬತ್ತವು ಹಾಲುದುಂಬುವ ಕಾಲಕ್ಕೆ ರೈತನ ಕಣ್ಣಿಗೆ ನಿದ್ರೆಯಿಲ್ಲ. ಕಾಡಾನೆಗಳು ಒಂದು ರಾತ್ರಿ ಗದ್ದೆಗಿಳಿದರೆ ವರ್ಷದ ದುಡಿಮೆಯು ಮಣ್ಣುಪಾಲಾಗುವುದು. ಮುಂಜಾನೆ ತೋಟಕ್ಕೆ ಹೊರಟವರ ಪ್ರಾಣಕ್ಕೂ ಅಪಾಯವುಂಟು. 2014ರಲ್ಲಿ ಈ ಸೀಮೆಯಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರೂ ತೊಂದರೆಯು ನೀಗಲಿಲ್ಲ. ಜಗಲಿಯ ಮೇಲೆ ಕುಳಿತು ದೂರುವವರು ಬಹುಮಂದಿ. ಕ್ರಮವರಿತು ಬರೆದುಕೊಡುವವರು ವಿರಳ. ಮೈಸೂರು ಸೀಮೆಯ ಪ್ರಜೆಗಳಿಗೆ ಈ ಪದ್ಧತಿಯು ಹೊಸದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಏರ್ಪಟ್ಟ ಪ್ರಜಾಪ್ರತಿನಿಧಿ ಸಭೆಯಲ್ಲಿ ಪ್ರಜೆಗಳ ಕುಂದುಕೊರತೆಗಳು ಸರ್ಕಾರದ ಮುಂದೆ ಬರುತ್ತಿದ್ದವು.

1. ಯಾರಿಗೆ ಬರೆಯತಕ್ಕದ್ದು: ಊರದಾರಿ, ಬೀದಿದೀಪ, ಚರಂಡಿ, ಕುಡಿಯುವ ನೀರು ಇವು ಪಂಚಾಯತಿಗೆ ಸೇರಿದವು. ಆನೆಯಿಂದಾದ ಬೆಳೆನಷ್ಟದ ಪರಿಹಾರಕ್ಕೆ ವಲಯ ಅರಣ್ಯಾಧಿಕಾರಿಗಳಿಗೂ, ಜೋತುಬಿದ್ದ ವಿದ್ಯುತ್ ತಂತಿಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೂ ಬರೆಯಬೇಕು. ಎಲ್ಲವನ್ನೂ ಒಂದೇ ಕಾಗದದಲ್ಲಿ ತುಂಬಿದರೆ ಯಾವುದೂ ನೆರವೇರದು. ನಷ್ಟವಾದ ಪೈರನ್ನು ಅಧಿಕಾರಿಗಳು ಪರೀಕ್ಷಿಸುವುದಕ್ಕೆ ಮುಂಚೆ ತೆಗೆದುಹಾಕಬಾರದು; ಛಾಯಾಚಿತ್ರವನ್ನೂ ಪಹಣಿಯನ್ನೂ ಸಿದ್ಧವಾಗಿಟ್ಟಿರಬೇಕು.

2. ಏನನ್ನು ಬರೆಯತಕ್ಕದ್ದು: ಸ್ಥಳ, ಕಾಲ, ಅಳತೆ, ಕೋರಿಕೆ ಈ ನಾಲ್ಕು ಸ್ಪಷ್ಟವಾಗಿರಲಿ. "ಬಹಳ ಕಷ್ಟವಾಗಿದೆ" ಎಂಬ ಮಾತಿನಿಂದ ಅಂದಾಜುಪಟ್ಟಿ ತಯಾರಾಗದು. ಕೆಳಗಿನ ಮಾದರಿಯನ್ನು ನೋಡಿರಿ:

"ಮಾನ್ಯ ಅಧ್ಯಕ್ಷರು ಹಾಗೂ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ಸನ್ನಿಧಾನಕ್ಕೆ ಕೆಳಗೆ ಸಹಿ ಮಾಡಿರುವ ಗ್ರಾಮಸ್ಥರ ಬಿನ್ನಹ. ನಮ್ಮ ಕೇರಿಯಿಂದ ಮುಖ್ಯರಸ್ತೆಗೆ ಹೋಗುವ 400 ಮೀಟರು ದಾರಿಯಲ್ಲಿ ನಾಲ್ಕು ದೀಪಗಳ ಪೈಕಿ ಮೂರು ಎರಡು ತಿಂಗಳಿಂದ ಉರಿಯುತ್ತಿಲ್ಲ. ಇಕ್ಕೆಲಗಳಲ್ಲಿ ಪೊದೆ ಬೆಳೆದು, ಆನೆ ನಿಂತಿದ್ದರೂ ಕಾಣುವುದಿಲ್ಲ. ಶಾಲೆಯ ಮಕ್ಕಳೂ ಕೂಲಿಯವರೂ ಇದೇ ದಾರಿಯಲ್ಲಿ ನಡೆಯುತ್ತಾರೆ. ದೀಪಗಳನ್ನು ಸರಿಪಡಿಸಿ, ಪೊದೆಯನ್ನು ಕಡಿಸಿಕೊಡಬೇಕಾಗಿ ಪ್ರಾರ್ಥನೆ."

ಇದರ ಕೆಳಗೆ ತಾರೀಖು, ಹೆಸರು, ವಿಳಾಸ, ಸಹಿಗಳಿರಬೇಕು. ಓದುಬರಹವಿಲ್ಲದವರಿಗೆ ವಿಷಯವನ್ನು ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಿಸತಕ್ಕದ್ದು. ಸುಳ್ಳು ಸಹಿಯೊಂದಿದ್ದರೆ ಮಿಕ್ಕ ಸಹಿಗಳಿಗೂ ಬೆಲೆ ಹೋಗುವುದು.

3. ಯಾವಾಗ ಕೊಡತಕ್ಕದ್ದು: ಆನೆ ಬಂದ ಮೇಲೆ ಪೊದೆ ಕಡಿಯುವುದರಿಂದ ಪ್ರಯೋಜನವೇನು? ನಾಟಿ ಮುಗಿದೊಡನೆ ಮನವಿಯನ್ನು ಕೊಟ್ಟರೆ ಬತ್ತ ಬಲಿಯುವುದರೊಳಗೆ ಕೆಲಸವಾಗಲು ಅವಕಾಶವುಂಟು. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮಸಭೆಯು ಕನಿಷ್ಠಪಕ್ಷ ಆರು ತಿಂಗಳಿಗೊಮ್ಮೆ ಸೇರಬೇಕು. ವಾರ್ಡುಸಭೆಯಲ್ಲಿ ಮೊದಲು ವಿಷಯವನ್ನೆತ್ತಿ, ಗ್ರಾಮಸಭೆಯಲ್ಲಿಯೂ ಓದಿ ಹೇಳಿ, ಅದು ನಡವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ನೋಡಿಕೊಳ್ಳಬೇಕು.

4. ಕೊಟ್ಟ ಮೇಲೆ: ಮನವಿಯನ್ನು ಎರಡು ಪ್ರತಿಗಳಲ್ಲಿ ಬರೆದು, ಒಂದರ ಮೇಲೆ ಕಚೇರಿಯ ಮೊಹರು, ತಾರೀಖು, ಸ್ವೀಕೃತಿ ಸಹಿ ಪಡೆದು ಜೋಪಾನವಾಗಿಡಿರಿ. ಈ ಪ್ರತಿಯಿಲ್ಲದವನ ಮಾತಿಗೆ ಮುಂದೆ ಆಧಾರವಿಲ್ಲ. ತಕ್ಕ ಕಾಲದಲ್ಲಿ ಹಿಂಬರಹ ಬಾರದಿದ್ದಲ್ಲಿ ವಿನಯದಿಂದ ಜ್ಞಾಪನಪತ್ರ ಕೊಡಿರಿ. ಆಗಲೂ ಉತ್ತರವಿಲ್ಲದಿದ್ದರೆ, ಅರ್ಜಿಯ ಮೇಲೆ ಏನು ಕ್ರಮ ಜರುಗಿತೆಂಬ ದಾಖಲೆಯನ್ನು 2005ರ ಮಾಹಿತಿ ಹಕ್ಕು ಅಧಿನಿಯಮದ ಪ್ರಕಾರ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕೆಂದು ವಿಧಿಯಿದೆ. ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೂ ಬರೆದುಕೊಳ್ಳಬಹುದು.

ಬೇಡುವುದೆಂದು ಯಾರೂ ಸಂಕೋಚಪಡಬೇಕಾಗಿಲ್ಲ. ಬಿತ್ತನೆಗೆ ಹದ ನೋಡುವ ರೈತನು ಮನವಿಗೂ ಹದ ನೋಡಿ, ಕೇರಿಯವರೆಲ್ಲರೂ ಒಂದಾಗಿ ಬರೆದುಕೊಂಡರೆ ಆ ಕಾಗದಕ್ಕೆ ತೂಕ ಬರುವುದು.