ಪುಟ್ಟ ಬಾಲ್ಕನಿಗೆ ಯಾವ ಗುಲಾಬಿ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು ಫ್ಲ್ಯಾಟ್, ಪೂರ್ವಕ್ಕೆ ಪುಟ್ಟ ಬಾಲ್ಕನಿ. ತಂದ ಗುಲಾಬಿಗಳೆಲ್ಲ ಒಣಗಿದವು. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಹೆಚ್ಚು ಆರೈಕೆ ಕೇಳದ ಗಿಡ ಯಾವುದು?

ಉತ್ತರ: ದೊಡ್ಡ ಹೂವಿನ ಹೈಬ್ರಿಡ್ ಟೀ ಗುಲಾಬಿಯ ಆಸೆ ಸದ್ಯಕ್ಕೆ ಬಿಡಿ. ನರ್ಸರಿಗಳಲ್ಲಿ ಬಟನ್ ರೋಸ್ ಎಂದು ಸಿಗುವ ಕಿರುಗುಲಾಬಿ ತನ್ನಿ. ಒಂದೆರಡು ಅಡಿಯೊಳಗೇ ಪೊದೆಯಾಗಿ, ಗೊಂಚಲು ಗೊಂಚಲಾಗಿ ಹೂ ಬಿಡುತ್ತದೆ. ಕೊಳ್ಳುವಾಗ ಹೂವಿಗಿಂತ ಬುಡ ನೋಡಿ. ಕಡ್ಡಿಯಿಂದ ಬೇರು ಬರಿಸಿದ ಗಿಡ ಒಳ್ಳೆಯದು. ಕಸಿ ಗಿಡವಾದರೆ ಗಂಟಿನ ಕೆಳಗೆ ಬರುವ ಚಿಗುರನ್ನು ಆಗಾಗ ಕಿತ್ತುಹಾಕಬೇಕು. ಬಿಟ್ಟರೆ ಬೇರುಗಿಡವೇ ಮೇಲುಗೈ ಪಡೆಯುತ್ತದೆ.

ದಿನಕ್ಕೆ 5 ಗಂಟೆಯಾದರೂ ಬಿಸಿಲು ಬೀಳುತ್ತದೆಯೇ ಎಂದು ಮೊದಲು ಗಮನಿಸಿ. ತೂತಿರುವ 10–12 ಇಂಚಿನ ಕುಂಡಕ್ಕೆ ಕೆಂಪು ಮಣ್ಣು, ಕೊಳೆತ ಸಗಣಿ ಗೊಬ್ಬರ, ಕೋಕೋಪೀಟ್ ಸಮವಾಗಿ ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಹಾಕಿ. ಮೇಲ್ಮಣ್ಣು ಬೆರಳಿಗೆ ಒಣಗಿದೆ ಅನ್ನಿಸಿದಾಗ ಮಾತ್ರ, ಬೆಳಿಗ್ಗೆ, ಬುಡಕ್ಕೆ ನೀರು ಕೊಡಿ. ಸಂಜೆ ಎಲೆ ನೆನೆದರೆ ಕಪ್ಪುಚುಕ್ಕೆ ರೋಗಕ್ಕೆ ದಾರಿ. ಚುಕ್ಕೆಬಿದ್ದ ಎಲೆಗಳನ್ನು ಕುಂಡದಲ್ಲಿ ಉಳಿಸಬೇಡಿ. ಬೇಸಿಗೆಯಲ್ಲಿ ಎಲೆಯಡಿ ಸಣ್ಣ ಬಲೆ ಕಂಡರೆ ಅದು ನುಸಿ. ಬೆಳಗಿನ ಹೊತ್ತು ಎಲೆಯಡಿಗೆ ನೀರು ಚಿಮ್ಮಿಸಿ ತೊಳೆಯಿರಿ.

ಬಾಡಿದ ಹೂವನ್ನು ಐದೆಲೆಯ ಗರಿಯ ಮೇಲಕ್ಕೆ ಕತ್ತರಿಸಿ. ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು. ಮಳೆ ಮುಗಿದ ಮೇಲೆ ಗಿಡವನ್ನು ಮೂರನೇ ಒಂದು ಭಾಗ ಸವರಿ. ಚಳಿಗಾಲಕ್ಕೆ ಹೊಸ ಮೊಗ್ಗು ಬರುತ್ತದೆ.