ಸರ್ಟಿಫಿಕೇಟ್ ಇದೆ, ಪರದೆ ಮಾತ್ರ ಅಪರಿಚಿತ

ಪ್ರಶ್ನೆ: ಕುಂದಾಪುರದವನು, ಸರಕು ಹಡಗಿನಲ್ಲಿ ಥರ್ಡ್ ಮೇಟ್. ಹಿಂದಿನ ಹಡಗಿನ ಎಕ್ಡಿಸ್ (ಎಲೆಕ್ಟ್ರಾನಿಕ್ ನಕ್ಷೆ ಯಂತ್ರ) ಕೈಗೆ ಚೆನ್ನಾಗಿ ಪಳಗಿತ್ತು. ಈಗಿನದು ಬೇರೆ ಕಂಪನಿಯದು; ಆಳದ ಸೆಟ್ಟಿಂಗ್ ಎಲ್ಲಿದೆ ಎಂದೇ ತಡಕಾಡುತ್ತೇನೆ. ಅಲಾರಂ ಬಡಿದುಕೊಳ್ಳುತ್ತಲೇ ಇರುತ್ತದೆ. ‘ಸರ್ಟಿಫಿಕೇಟ್ ಇದೆಯಲ್ಲ, ಇನ್ನೇನು?’ ಎನ್ನುತ್ತಾರೆ ಹಿರಿಯರು. ನಾನೇ ದಡ್ಡನೇ?

ಉತ್ತರ: ಖಂಡಿತ ಅಲ್ಲ. ನಕ್ಷೆಯ ಬಣ್ಣ, ಚಿಹ್ನೆಗಳಿಗೆ ಅಂತರರಾಷ್ಟ್ರೀಯ ಮಾನದಂಡವಿದೆ. ಮೆನುಗಳನ್ನು ಮಾತ್ರ ತಯಾರಕರು ತಮಗೆ ತೋಚಿದಂತೆ ಜೋಡಿಸುತ್ತ ಬಂದರು. 2012ರಿಂದ ಹಂತಹಂತವಾಗಿ ಎಕ್ಡಿಸ್ ಕಡ್ಡಾಯವಾಯಿತು. ಪರದೆಗಳಲ್ಲಿ ಏಕರೂಪತೆ ತರುವ ‘ಎಸ್-ಮೋಡ್’ ಮಾರ್ಗಸೂಚಿ ಬಂದದ್ದು 2019ರಲ್ಲಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಹಳೆಯ ಯಂತ್ರಗಳಿಗೆ ಅದರಿಂದ ಉಪಯೋಗವೂ ಇಲ್ಲ.

ಸರ್ಟಿಫಿಕೇಟ್ ಒಂದೇ ಸಾಲದು ಎಂಬುದಕ್ಕೆ ಉದಾಹರಣೆ ಕೇಳಿ: 2013ರ ಸೆಪ್ಟೆಂಬರ್‌ನಲ್ಲಿ ಡೋವರ್ ಜಲಸಂಧಿಯ ವಾರ್ನ್ ಬ್ಯಾಂಕ್ ಎಂಬ ಮರಳದಿಬ್ಬಕ್ಕೆ ‘ಒವಿಟ್’ ಟ್ಯಾಂಕರ್ ಏರಿ ಕುಳಿತಿತು. ಅನುಭವವಿಲ್ಲದ ಕಿರಿಯ ಅಧಿಕಾರಿ ಮಾರ್ಗದ ಗೆರೆಯನ್ನು ದಿಬ್ಬದ ಮೇಲೆಯೇ ಎಳೆದಿದ್ದರು, ಅದನ್ನು ಯಾರೂ ಸರಿಯಾಗಿ ಪರಿಶೀಲಿಸಿರಲಿಲ್ಲ. ಸೇಫ್ಟಿ ಕಾಂಟೂರ್, ಅಂದರೆ ಸುರಕ್ಷಿತ ಆಳದ ಗಡಿಗೆರೆ, 30 ಮೀಟರಿಗಿತ್ತು, ಆ ಹಡಗಿಗೆ ಹೊಂದದ ಲೆಕ್ಕ. ಅಲಾರಂನ ಸದ್ದು ಬಂದ್ ಆಗಿತ್ತು. ಹಡಗು ನೆಲ ಕಚ್ಚಿದ್ದು ವಾಚ್‌ನಲ್ಲಿದ್ದವರಿಗೆ ಅರಿವಾಗಲು 19 ನಿಮಿಷ ಬೇಕಾಯಿತು. ಹಡಗಿನ ಅಧಿಕಾರಿಗಳೆಲ್ಲ ಎಕ್ಡಿಸ್ ತರಬೇತಿ ಮುಗಿಸಿದವರೇ! ನಿಮ್ಮ ಹಿರಿಯರಿಗೆ ಇದನ್ನು ಹೇಳಿ, ವಿನಯದಿಂದಲೇ.

ನಿಮ್ಮ ಅಲಾರಂ ಕಾಟಕ್ಕೂ ಕಾರಣ ಬಹುಶಃ ಅದೇ ಕಾಂಟೂರ್. ನೀವು 12 ಮೀಟರ್ ಎಂದು ಹಾಕಿದ್ದೀರಿ, ನಕ್ಷೆಯಲ್ಲಿರುವುದು 10 ಮತ್ತು 20ರ ಗೆರೆಗಳು ಮಾತ್ರ ಎಂದುಕೊಳ್ಳಿ. ಯಂತ್ರ ತಾನಾಗಿಯೇ 20ರ ಗೆರೆಯನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ನಿಮ್ಮ ಹಡಗು ಆರಾಮವಾಗಿ ತೇಲುವ 15 ಮೀಟರ್ ನೀರಿಗೂ ಅದು ಕೂಗುತ್ತದೆ. ಯಾಕೆ ಕೂಗಿತು ಎಂದು ತಿಳಿಯದೆ ಸದ್ದು ಅಡಗಿಸಬೇಡಿ.

ಹಡಗು ಬಂದರಿನಲ್ಲಿದ್ದಾಗ ಸೆಕೆಂಡ್ ಮೇಟ್ ಜೊತೆ ಪರದೆಯ ಮುಂದೆ ಕುಳಿತು ಆಳದ ಸೆಟ್ಟಿಂಗ್, ಮಾರ್ಗ ತಪಾಸಣೆ, ಜಿಪಿಎಸ್ ಕೈಕೊಟ್ಟರೆ ಏನು ಮಾಡಬೇಕು ಎಂಬಿಷ್ಟನ್ನು ನಿಮ್ಮ ಕೈಯಾರೆ ಮಾಡಿ ನೋಡಿ. ಉಳಿದ ಮೆನು ನಿಧಾನಕ್ಕೆ ಬರುತ್ತದೆ. ವಾಚ್‌ನಲ್ಲಿ ಕಿಟಕಿಯಾಚೆಗೂ ಕಣ್ಣಿರಲಿ. ವಾರ್ನ್ ಬ್ಯಾಂಕ್‌ನ ಎಚ್ಚರಿಕೆಯ ದೀಪಗಳು ಆ ರಾತ್ರಿಯೂ ಉರಿಯುತ್ತಿದ್ದವು.

ಹೊಸಬರಿಗೆ ಹಡಗಿನ ಕೆಲಸದ ಪರಿಚಯ ಮಾಡಿಸುವುದು ಹಡಗು ಸುರಕ್ಷತೆಯ ಐಎಸ್‌ಎಂ ಸಂಹಿತೆಯ ಪ್ರಕಾರ ಕಂಪನಿಯ ಹೊಣೆ, ನೀವು ಬೇಡುವ ದಯೆಯಲ್ಲ. ಕ್ಯಾಪ್ಟನ್ ಕಿವಿಗೊಡದಿದ್ದರೆ ದಡದಲ್ಲಿರುವ ಡಿಪಿಎಗೆ, ಅಂದರೆ ಸುರಕ್ಷತೆಗೆಂದು ಕಂಪನಿ ನೇಮಿಸಿದ ಅಧಿಕಾರಿಗೆ, ಬರೆಯಿರಿ. ಆ ಹುದ್ದೆ ಇರುವುದೇ ಅದಕ್ಕೆ.