ತೆನೆ ಹಬ್ಬದ ಬೆಳಿಗ್ಗೆ ಅತಿಥಿಯಾಗಿ ಕಲಿತದ್ದು

ಕರಾವಳಿಯ ಕೊಂಕಣಿ ಕ್ಯಾಥೋಲಿಕರು ಪ್ರತಿ ವರ್ಷ ಸೆಪ್ಟೆಂಬರ್ 8ರಂದು ಮೊಂತಿ ಫೆಸ್ತ್ ಆಚರಿಸುತ್ತಾರೆ. ಕನ್ನಡದಲ್ಲಿ ಇದು ತೆನೆ ಹಬ್ಬ. ಹಜ್ರತ್ ಈಸಾ ಅವರ ತಾಯಿ ಮರಿಯಮ್ ಅವರ ಜನ್ಮದಿನವೂ ಹೌದು, ಹೊಸ ಬೆಳೆಯ ಹಬ್ಬವೂ ಹೌದು. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಿಂದ ಈ ಹೆಸರು ಬಂತೆಂದು ಹೇಳುತ್ತಾರೆ.

ನನ್ನ ತರಗತಿಯ ಗೆಳತಿ ಕಳೆದ ವರ್ಷ ನನ್ನನ್ನು ಕರೆದಳು. ಮನೆಯಲ್ಲಿ ಅಮ್ಮಿ ಒಂದೇ ಪ್ರಶ್ನೆ ಕೇಳಿದರು: "ನೋಡಲು ಹೋಗುತ್ತೀಯೋ, ಪೂಜೆಗೆ ಹೋಗುತ್ತೀಯೋ?" ನೋಡಲು ಎಂದೆ. "ಹಾಗಾದರೆ ಅದಬ್‌ನಿಂದ ನಿಂತು ನೋಡು" ಎಂದು ಕಳಿಸಿದರು.

ಈ ದಿನದ ಪ್ರಾರ್ಥನೆ ಚರ್ಚಿನ ಒಳಗೆ ಆರಂಭವಾಗುವುದಿಲ್ಲ. ಹೊರಗಿನ ಅಂಗಳದಲ್ಲಿ ಮರಿಯಮ್ ಅವರ ಪುಟ್ಟ ಪ್ರತಿಮೆ ಇಟ್ಟಿದ್ದರು. ಹಬ್ಬಕ್ಕೆ ಮುಂಚಿನ ಒಂಬತ್ತು ದಿನವೂ ಮಕ್ಕಳು ಹೂ ತರುತ್ತಾರೆ. ಕೊಂಕಣಿ ಹಾಡಿನ ನಡುವೆ ಎಲ್ಲರೂ ಒಟ್ಟಿಗೆ ಹಿಡಿ ಹಿಡಿ ಹೂ ಎಸೆಯುತ್ತಿದ್ದರು. ಪಕ್ಕದ ಪುಟ್ಟ ಹುಡುಗಿ ತನ್ನ ಬುಟ್ಟಿಯನ್ನು ನನ್ನ ಕಡೆ ಚಾಚಿದಳು. ನಾನು ಹೂ ಎಸೆಯಲಿಲ್ಲ, ಆದರೆ ಅವಳಿಗೆ ಎರಡೂ ಕೈ ಬಿಡುವಾಗಲಿ ಎಂದು ಬುಟ್ಟಿ ಹಿಡಿದುಕೊಂಡೆ. ಅವಳಿಗೆ ಅಷ್ಟೇ ಬೇಕಿತ್ತು. ನಂತರ ಫಾದರ್ ಭತ್ತದ ತೆನೆಗಳ ಕಟ್ಟನ್ನು ಆಶೀರ್ವದಿಸಿದರು. ಮೆರವಣಿಗೆ ಬಲಿಪೂಜೆಗೆಂದು ಚರ್ಚಿನೊಳಗೆ ಹೋಯಿತು. ನಾನು ಹೊರಗೇ ಉಳಿದೆ.

ಪೂಜೆ ಮುಗಿದ ಮೇಲೆ ತೆನೆ ಮನೆ ಮನೆಗೆ ಹೋಗುತ್ತದೆ. ಅದರ ಕಾಳು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಕುಡಿಯುತ್ತಾರೆ. ಅಂದಿನ ಊಟಕ್ಕೆ ಮೀನು, ಮಾಂಸ ಇಲ್ಲ. ದೂರದಲ್ಲಿ ಇರುವವರಿಗೆ ಕಾಳನ್ನು ಲಕೋಟೆಯಲ್ಲಿ ಹಾಕಿ ಕಳಿಸುವ ರೂಢಿಯೂ ಇದೆ ಎಂದು ಗೆಳತಿಯ ಅಜ್ಜಿ ಹೇಳಿದರು. ನನ್ನ ಅಬ್ಬು ಸೌದಿಯಲ್ಲಿದ್ದಾರೆ. ಆ ಲಕೋಟೆಯ ಬೆಲೆ ನನಗೆ ಯಾರೂ ವಿವರಿಸಬೇಕಾಗಿಲ್ಲ.

ಮನೆಗೆ ಬಂದ ಮೇಲೆ ನಮ್ಮ ದೀನ್‌ನಲ್ಲಿ ಬೆಳೆಯ ಬಗ್ಗೆ ಏನಿದೆ ಎಂದು ಓದಿದೆ. ಬೆಳೆಯ ಹಕ್ಕನ್ನು ಕೊಯ್ಲಿನ ದಿನವೇ ಕೊಡಬೇಕೆಂದು ಸೂರಾ ಅಲ್ ಅನ್‌ಆಮ್ ಹೇಳುತ್ತದೆ. ಇದೇ ಉಶ್ರ್. ಮಳೆ ನೀರಿನಲ್ಲಿ ಬೆಳೆದದ್ದಕ್ಕೆ ಹತ್ತರಲ್ಲಿ ಒಂದು ಪಾಲು, ನೀರೆತ್ತಿ ಹಾಯಿಸಿ ಬೆಳೆದದ್ದಕ್ಕೆ ಇಪ್ಪತ್ತರಲ್ಲಿ ಒಂದು. ಅಂದರೆ 10 ಕ್ವಿಂಟಲ್ ಭತ್ತಕ್ಕೆ ಮೊದಲನೆಯದರಲ್ಲಿ 100 ಕಿಲೋ, ಎರಡನೆಯದರಲ್ಲಿ 50 ಕಿಲೋ. ರೈತನ ಖರ್ಚು ಹೆಚ್ಚಾದರೆ ಕೊಡಬೇಕಾದ ಪಾಲು ಕಡಿಮೆ. ಅಕೌಂಟೆನ್ಸಿ ಓದುವ ನಮಗೆ ಈ ಲೆಕ್ಕದ ನ್ಯಾಯ ಬೇಗ ಅರ್ಥವಾಗುತ್ತದೆ. ಮೊದಲ ಹಣ್ಣು ತಂದುಕೊಟ್ಟಾಗ ಪ್ರವಾದಿಯವರು (ಸ) ಬರಕತ್‌ಗಾಗಿ ದುಆ ಮಾಡಿ, ಅದನ್ನು ಅಲ್ಲಿದ್ದ ಅತಿ ಚಿಕ್ಕ ಮಗುವಿಗೆ ಕೊಡುತ್ತಿದ್ದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ನಾವು ಪ್ರತಿಮೆಯ ಮುಂದೆ ಪ್ರಾರ್ಥಿಸುವುದಿಲ್ಲ, ಅಲ್ಲಾಹನನ್ನು ಮಾತ್ರ ಬೇಡುತ್ತೇವೆ. ಈ ವ್ಯತ್ಯಾಸವನ್ನು ಮುಚ್ಚಿಡಬೇಕಾಗಿಲ್ಲ. ವ್ಯತ್ಯಾಸ ಇದ್ದೂ ಅತಿಥಿಯಾಗಬಹುದು. ನಜ್ರಾನ್‌ನಿಂದ ಬಂದ ಕ್ರೈಸ್ತರಿಗೆ ಪ್ರವಾದಿಯವರು ಮದೀನಾದ ಮಸೀದಿಯಲ್ಲೇ ಅವರ ಪ್ರಾರ್ಥನೆ ಮಾಡಲು ಬಿಟ್ಟರೆಂದು ಸೀರಾ ಗ್ರಂಥಗಳಲ್ಲಿ ಓದುತ್ತೇವೆ. ಅವರು ತಮ್ಮ ರೀತಿಯಲ್ಲೇ ಪ್ರಾರ್ಥಿಸಿದರು, ಯಾರೂ ತಡೆಯಲಿಲ್ಲ.

ಹೀಗೆ ಹೋಗಬೇಕೆಂದಿರುವ ಸ್ನೇಹಿತರಿಗೆ ಮೂರು ಮಾತು. ಮನೆಯವರನ್ನೂ ಕರೆದವರನ್ನೂ ಕೇಳಿಯೇ ಹೋಗಿ. ಮೊಬೈಲ್ ಚೀಲದಲ್ಲಿರಲಿ. ನಿಮಗೆ ಒಪ್ಪದ್ದನ್ನು ಮಾಡಬೇಡಿ, ಅದನ್ನು ನೋಡಿ ನಗಲೂ ಬೇಡಿ.

ಬಯಲಿನಲ್ಲಿ ಪ್ರಾರ್ಥಿಸುವುದು ನಮಗೂ ಹೊಸದಲ್ಲ, ಈದ್ ನಮಾಜ್ ಈದ್‌ಗಾಹ್‌ನಲ್ಲೇ ಆಗುತ್ತದೆ. ಮುಂದಿನ ಈದ್‌ಗೆ ಅಲ್ಲಿನ ಗೋಡೆಯ ಪಕ್ಕ ಯಾರಾದರೂ ಹೊಸಬರು ನಿಂತು ನೋಡುತ್ತಿದ್ದರೆ ಅವರಿಗೆ ನೆರಳಿನಲ್ಲಿ ಜಾಗ ಮಾಡಿಕೊಡಿ. ಕೇಳಿದ್ದಕ್ಕೆ ಸಮಾಧಾನದಿಂದ ಉತ್ತರ ಹೇಳಿ.